ಚರ್ಚಿನ ಹಿಂದಿನ ಮುತ್ತಣ್ಣ

ಗದಗ–ಲಕ್ಷ್ಮೇಶ್ವರ ಬಸ್ಸು ಓಡಿಸಿ ನಿವೃತ್ತನಾದ ದ್ಯಾಮಪ್ಪನಿಗೆ ತನ್ನ ಕಂಡಕ್ಟರ್ ಮುತ್ತಣ್ಣ ತೀರಿಹೋದ ಸುದ್ದಿ ತಿಂಗಳು ತಡವಾಗಿ ಮುಟ್ಟಿತು. ಡಿಪೋದ ಹಳೆ ಮೆಕ್ಯಾನಿಕ್ ಲಕ್ಕಪ್ಪ ಮದುವೆಗೆಂದು ದ್ಯಾಮಪ್ಪನ ಊರು ಹೊಂಬಳಕ್ಕೆ ಬಂದವನು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, ನೀವು ಮಣ್ಣಿಗೆ ಯಾಕೆ ಬರಲಿಲ್ಲ ಎಂದು ಕೇಳಿದ. ದ್ಯಾಮಪ್ಪನ ಕೈ ಎಲೆಯ ಮೇಲೇ ನಿಂತಿತು. ಫೋನು ಬದಲಿಸುವಾಗ ಮುತ್ತಣ್ಣನ ನಂಬರು ಹೋಗಿತ್ತು; ಅವನ ಹತ್ತಿರವೂ ಇವನ ಹೊಸ ನಂಬರು ಇರಲಿಲ್ಲ. ಎಲ್ಲಿ ಮಣ್ಣು ಮಾಡಿದರು ಎಂದು ವಿಚಾರಿಸಿದ. ಮಾಗಡಿ ದಾಟಿದ ಮೇಲೆ ಸಣ್ಣ ಹಳ್ಳಿಯಲ್ಲಿ ಒಂದು ಹಳೆ ಚರ್ಚು ಇದೆಯಲ್ಲ, ಅದರ ಹಿಂದೆ ಎಂದ ಲಕ್ಕಪ್ಪ.

ಚರ್ಚಿನ ಹಿಂದೆ ಯಾಕೆ ಎನ್ನುವುದು ದ್ಯಾಮಪ್ಪನಿಗೆ ತಿಳಿಯಲಿಲ್ಲ.

"ಅವರ ಮಂದೀನ ಅಲ್ಲೇ ಇಡ್ತಾರಲ್ರಿ," ಎಂದು ಲಕ್ಕಪ್ಪ ಹೋಳಿಗೆ ಮುರಿಯುತ್ತ ಹೇಳಿದ.

ಮನೆಗೆ ಬಂದು ಹೆಂಡತಿ ಸಾವಿತ್ರೆವ್ವನ ಮುಂದೆ ಇದನ್ನು ಹೇಳಿದಾಗ ಅವಳಿಗೂ ಆಶ್ಚರ್ಯವಾಯಿತು. ಅಷ್ಟು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಿದಳು. ದ್ಯಾಮಪ್ಪ ಅಂಗಳದ ಕಟ್ಟೆಯ ಮೇಲೆ ಕೂತು ನೆನಪು ಮಾಡಿಕೊಂಡ. ಮುತ್ತಣ್ಣ ಬೆಟಗೇರಿಯವನು. ವಾರದ ರಜೆ ಬೇಕೆಂದರೆ ಅವನಿಗೆ ರವಿವಾರವೇ ಆಗಬೇಕು. ಅದಕ್ಕಾಗಿ ದಸರೆ, ದೀಪಾವಳಿಗೆ ಡ್ಯೂಟಿ ಮಾಡಲು ತಯಾರು. ಸಂಸಾರಸ್ಥ, ರವಿವಾರ ಮಕ್ಕಳು ಮನೆಯಲ್ಲಿರುತ್ತವೆ ಎಂದು ಇವನು ತಿಳಿದಿದ್ದ. ಪ್ರತಿ ಡಿಸೆಂಬರ್ ಕೊನೆಗೆ ಮುತ್ತಣ್ಣ ಡಬ್ಬಿ ತುಂಬ ಕರ್ಚಿಕಾಯಿ ತರುತ್ತಿದ್ದ. ಅವನ ಹೆಂಡತಿಗೆ ಯಾವುದೋ ಹರಕೆ ಇರಬೇಕು ಅಂದುಕೊಂಡಿದ್ದ. ದಾರಿಯ ಹನಮಪ್ಪನ ಗುಡಿ ಬಂದಾಗ ಇವನು ಸ್ಟೇರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸುತ್ತಿದ್ದ, ಮುತ್ತಣ್ಣ ಚಿಲ್ಲರೆ ಎಣಿಸುತ್ತಿದ್ದ. ಕಂಡಕ್ಟರಿಗೆ ಪುರುಸೊತ್ತೆಲ್ಲಿ? ಹೆಸರು ಮುತ್ತಣ್ಣ, ಮಾತು ನಮ್ಮದೇ, ಊಟ ರೊಟ್ಟಿ ಪಲ್ಯ. ಕೇಳಬೇಕೆಂದು ಯಾವ ಹೊತ್ತಿಗೂ ಅನ್ನಿಸಿರಲಿಲ್ಲ. ಈಗ ಅವನು ಮುಚ್ಚಿಟ್ಟನೋ ತಾನೇ ನೋಡಲಿಲ್ಲವೋ ಎಂಬುದು ಬಗೆಹರಿಯದೆ ಸಿಟ್ಟೂ ಬಂತು, ದುಃಖವೂ ಬಂತು.

ಮುಂದಿನ ರವಿವಾರ ಮಲ್ಲಿಗೆ ಮಾಲೆ, ಊದಿನಕಡ್ಡಿ, ಒಂದು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಹೊರಟ. ಅಂಥ ಕಡೆಗೆ ಏನು ಒಯ್ಯಬೇಕೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಷ್ಟೋ ಸಲ ಹಾರ್ನ್ ಹೊಡೆದು ತಿರುಗಿಸಿದ ರಸ್ತೆಯೇ ಅದು, ಆದರೆ ಆ ಚರ್ಚಿನ ಹತ್ತಿರ ಒಮ್ಮೆಯೂ ಹೋಗಿರಲಿಲ್ಲ. ಕಲ್ಲಿನ ಗೋಡೆ, ಹೆಂಚಿನ ಮಾಡು, ಬಾಗಿಲ ಮೇಲೆ ಒಂದು ಸಣ್ಣ ಗಂಟೆ. ಒಳಗೆ ಪ್ರಾರ್ಥನೆ ನಡೆದಿತ್ತು. ಹಾರ್ಮೋನಿಯಂ, ತಬಲಾ ಕೇಳಿ ಭಜನೆ ನಡೆದಿದೆಯೇನೋ ಎನ್ನಿಸಿತು. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡು ತಾನೂ ಚಪ್ಪಲಿ ಕಳೆದ. ಒಳಗೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಬರಿಗಾಲಲ್ಲೇ ಸುತ್ತು ಹಾಕಿ ಹಿಂದಕ್ಕೆ ಹೋದ. ಅಲ್ಲಿ ನೆಗ್ಗಿಲಮುಳ್ಳು ಅಂಗಾಲಿಗೆಲ್ಲ ಚುಚ್ಚಿತು.

ಗೋರಿಗಳು ಒಂದು ಸಾಲಿನಲ್ಲಿರಲಿಲ್ಲ. ಕೆಲವು ನೆಲದೊಳಗೆ ಕುಸಿದಿದ್ದವು, ಕೆಲವಕ್ಕೆ ಸುಣ್ಣ ಹೊಡೆದಿತ್ತು. ಓದುವ ಕನ್ನಡಕ ತಂದಿರಲಿಲ್ಲ. ಬಗ್ಗಿ ಬಗ್ಗಿ ನೋಡುತ್ತ ಹೋದವನಿಗೆ ಬೇವಿನ ಗಿಡದ ಕೆಳಗಿನ ಕಲ್ಲಿನಲ್ಲಿ 'ಮುತ್ತಣ್ಣ' ಎಂಬ ಅಕ್ಷರ ಸಿಕ್ಕಿತು. ತಿಂಗಳೊಳಗೆ ಕಲ್ಲು ಇಷ್ಟು ಹಳತಾಯಿತೇ ಎಂಬ ಅನುಮಾನ ಬಂದರೂ ಕಣ್ಣು ತುಂಬಿ ಬಂದಿದ್ದರಿಂದ ಅದನ್ನು ಬದಿಗಿಟ್ಟ. ಮಾಲೆ ಹಾಕಿದ, ಊದಿನಕಡ್ಡಿ ಹಚ್ಚಿದ, ಪಕ್ಕದ ಬಂಡೆಗೆ ಕಾಯಿ ಒಡೆದ. "ಹಿಂಗ ಹೇಳದ ಹೋಗೋದೇನಪಾ," ಎಂದು ಕಲ್ಲಿನ ಮುಂದೆ ಕೂತುಬಿಟ್ಟ.

ಪ್ರಾರ್ಥನೆ ಮುಗಿದು ಮಂದಿ ಹೊರಬಂದರು. ಬಿಳಿ ಸೀರೆಯ ಹೆಣ್ಣುಮಗಳೊಬ್ಬಳು ಅವನ ಹತ್ತಿರ ಬಂದು ನಿಂತು, ನೀವು ಯಾರು ಎಂದು ಕೇಳಿದಳು. ಇವನು ಹೊಂಬಳದ ದ್ಯಾಮಪ್ಪ ಎಂದ. ಅವಳು ಅಲ್ಲೇ ಅವನ ಎದುರಿಗೆ ಕೂತಳು.

"ದ್ಯಾಮಣ್ಣಾರ, ನಾ ಮಾರ್ಥವ್ವ, ಅವರ ಮನೆಯಾಕಿ. ಇದು ಅವರ ಮುತ್ತ್ಯಾಂದ್ರಿ, ಅಪ್ಪನ ಅಪ್ಪಂದು. ಆ ಹೆಸರ ನಮ್ಮವರಿಗೆ ಇಟ್ಟಿದ್ರು. ನಮ್ಮವರು ಅಲ್ಲಿ ಅದಾರ."

ಅವಳು ತೋರಿಸಿದ ಕಡೆ ಹೊಸ ಮಣ್ಣಿನ ದಿಬ್ಬವಿತ್ತು. ತಲೆಗಡೆ ನೆಟ್ಟ ಕಟ್ಟಿಗೆಯ ಶಿಲುಬೆಯ ಮೇಲೆ 'ಎಂ. ಸಮುವೇಲ' ಎಂದು ಬರೆದಿತ್ತು. ಸಮುವೇಲ ಎಂಬುದು ಚರ್ಚಿನಲ್ಲಿ ಇಟ್ಟ ಹೆಸರು ಎಂದು ಮಾರ್ಥವ್ವ ಹೇಳಿದಳು. ದ್ಯಾಮಪ್ಪ ಆ ಹೆಸರನ್ನು ಎರಡು ಸಲ ಬಾಯಲ್ಲಿ ಅಂದುಕೊಂಡ. ಅದಕ್ಕೆ ಮುತ್ತಣ್ಣನ ಮುಖ ಕೂಡಲಿಲ್ಲ. ಮಾಲೆಯನ್ನು ಮುತ್ತ್ಯಾನಿಂದ ತೆಗೆದು ಮೊಮ್ಮಗನಿಗೆ ಹಾಕಬಹುದೇ ಎಂದು ಕೇಳಲು ನಾಚಿಕೆಯಾಯಿತು. ಮಾರ್ಥವ್ವನೇ ಅದನ್ನು ಮಧ್ಯಕ್ಕೆ ಹರಿದು ಅರ್ಧ ಅಲ್ಲಿ ಬಿಟ್ಟು ಅರ್ಧ ತಂದು ಮಣ್ಣಿನ ಮೇಲಿಟ್ಟಳು. ಒಡೆದ ಕಾಯಿಯ ಹೋಳುಗಳನ್ನು ಹಿಡಿದು ನಿಂತವನ ಕೈಯಿಂದ ಅವನ್ನು ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

"ನನಗ ಒಂದಿನಾನೂ ಹೇಳಲಿಲ್ಲವ್ವಾ ಅಂವ," ಎಂದ ದ್ಯಾಮಪ್ಪ.

"ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ರು. ದ್ಯಾಮಣ್ಣ ಒಮ್ಮಿನೂ ನನ್ನ ಅದನ್ನ ಕೇಳಿಲ್ಲ ನೋಡು, ಅಂತ ಮನ್ಯಾಗ ಹೇಳತಿದ್ರು."

ಅದನ್ನು ಸಮಾಧಾನದಿಂದ ಹೇಳುತ್ತಿದ್ದನೋ ಬೇಜಾರಿನಿಂದಲೋ ಎಂದು ದ್ಯಾಮಪ್ಪ ಕೇಳಿಯೇಬಿಟ್ಟ. ಮಾರ್ಥವ್ವ ವಿಚಾರ ಮಾಡಿದಳು.

"ನಕ್ಕೋತ ಹೇಳತಿದ್ರು. ಆದ್ರ ಅವರು ಎಲ್ಲಾನೂ ನಕ್ಕೋತನ ಹೇಳತಿದ್ರಲ್ರಿ."

ಅದು ಖರೆ. ಬಸ್ಸು ಕೆಟ್ಟು ನಿಂತಾಗಲೂ ಅವನು ನಗುತ್ತಲೇ ಪ್ರಯಾಣಿಕರನ್ನು ಇಳಿಸುತ್ತಿದ್ದ. ಇಬ್ಬರೂ ದಿಬ್ಬದ ಹತ್ತಿರ ಬಹಳ ಹೊತ್ತು ಕೂತರು. ಕೊನೆಯ ದಿನಗಳಲ್ಲಿ ಉಸಿರಾಟ ಕಷ್ಟವಾಗಿದ್ದು, ಇಲ್ಲಿ ಅಪ್ಪ, ಮುತ್ತ್ಯಾರ ಬದಿಗೇ ಇಡಿ ಎಂದು ಮುತ್ತಣ್ಣ ಹೇಳಿದ್ದು, ಎಲ್ಲವನ್ನೂ ಅವಳು ಹೇಳಿದಳು. ದ್ಯಾಮಪ್ಪ ಬಸ್ಸಿನ ಮಾತು ಹೇಳಿದ. ಅವಳಿಗೆ ಗೊತ್ತಿಲ್ಲದ ಮುತ್ತಣ್ಣನೂ ಒಬ್ಬನಿದ್ದ. ಮುದುಕಿಯರಿಗೆ ಸೀಟು ಬಿಡದ ಹುಡುಗರ ಜೊತೆ ಜಗಳ ತೆಗೆಯುತ್ತಿದ್ದನೆಂದರೆ ಅವಳು ನಂಬಲಿಲ್ಲ.

ಸಂಜೆ ಹೊಂಬಳ ಮುಟ್ಟಿದಾಗ ಸಾವಿತ್ರೆವ್ವ ಬಾಗಿಲಲ್ಲೇ ತಡೆದಳು. ಗೋರಿಯ ಹತ್ತಿರ ಹೋಗಿ ಬಂದವರು ಜಳಕ ಮಾಡಿಯೇ ಒಳಗೆ ಬರಬೇಕು, ನೀರು ಕಾಸಿಟ್ಟಿದ್ದೇನೆ ಎಂದಳು. ದ್ಯಾಮಪ್ಪ ಬಚ್ಚಲ ತನಕ ಹೋಗಿ ನಿಂತ. ಗುಡಿಯಿಂದ ಬಂದವರು ಯಾರೂ ಜಳಕ ಮಾಡುವುದಿಲ್ಲ. ತಾನು ಹೋಗಿದ್ದು ಸ್ಮಶಾನಕ್ಕೋ ಗುಡಿಗೋ? ಎರಡೂ ಒಂದೇ ಗೋಡೆಯೊಳಗಿದ್ದವು. ಹಂಡೆಯ ಮುಚ್ಚಳ ತೆಗೆದ, ಮತ್ತೆ ಮುಚ್ಚಿದ. ಕೊನೆಗೆ ಒಂದು ತಂಬಿಗೆ ನೀರು ತೆಗೆದುಕೊಂಡು ಮುಳ್ಳು ಚುಚ್ಚಿದ ಕಾಲಷ್ಟೇ ತೊಳೆದುಕೊಂಡು ಒಳಗೆ ಬಂದ. ಸಾವಿತ್ರೆವ್ವ ಅವನ ಒಣ ತಲೆ ನೋಡಿದಳು. ಒಲೆಯ ಕಡೆ ತಿರುಗಿ ಚಹಾಕ್ಕೆ ಇಟ್ಟಳು.