ತಮ್ಮ ಬರೆದ ಕಾರ್ಡು

ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ವರ್ಷ ಲಿಫ್ಟಿನ ನೆತ್ತಿಯ ಮೇಲೆ ನಿಂತು ರೋಪಿಗೆ ಗ್ರೀಸು ಹಚ್ಚಿದವನು, ಮೂರು ತಿಂಗಳಿಂದ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಕಾರ್ಡಾಟ ಆಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲಿಫ್ಟ್ ಕೆಟ್ಟು ಆದ ಅಪಘಾತದಲ್ಲಿ ಮುರಿದ ಪಕ್ಕೆಲುಬು ಕೂಡಿಕೊಂಡಿದೆ, ಡಾಕ್ಟರೇ ಕೆಲಸಕ್ಕೆ ಹೋಗು ಅಂದಿದ್ದಾರೆ, ಆದರೆ ಲಿಫ್ಟಿನ ಹೆಸರೆತ್ತಿದರೆ ಸಾಕು, ಇವನು ಮೊಬೈಲಿನೊಳಗೆ ಮುಖ ಹುದುಗಿಸುತ್ತಾನೆ. ಸೋಮವಾರ ಬಂದು ಲಿಫ್ಟಿನ ಮೇಲೆ ಹತ್ತಿ ಕೆಲಸ ಮಾಡಿ ತೋರಿಸದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇವನಿಗೋ, ಬೇರೆ ಕಸುಬು ಗೊತ್ತಿಲ್ಲ.

ಆ ಆಟ ಹೇಳಿಕೊಟ್ಟದ್ದು ಮನಸ್ಸಿನ ಡಾಕ್ಟರು. ಅದರಲ್ಲಿ ಒಂದೊಂದು ಭಯವೂ ಒಂದೊಂದು ಕಾರ್ಡು. ಕತ್ತಲೆ, ಎತ್ತರ, ಜನಜಂಗುಳಿ. ಎದುರು ಹಾಕಲು ನಮ್ಮ ಹತ್ತಿರ ಉಸಿರು, ಸ್ನೇಹಿತ, ಓಟ ಎಂಬ ಕಾರ್ಡುಗಳು. ಓಟ ಹಾಕಿದರೆ ಆ ಸಲಕ್ಕೆ ಪಾರು, ಆದರೆ ಅದೇ ಭಯ ದುಪ್ಪಟ್ಟು ಬಲದಿಂದ ಮತ್ತೆ ಬರುತ್ತದಂತೆ. ತಮ್ಮ ಎಲ್ಲವನ್ನೂ ಗೆದ್ದಿದ್ದ. ಉಳಿದದ್ದು ಒಂದು ಖಾಲಿ ಕಾರ್ಡು, ಅದರಲ್ಲಿ ನಮ್ಮ ಭಯವನ್ನು ನಾವೇ ಬರೆಯಬೇಕು. ಭಾನುವಾರ ಬಗ್ಗಿ ನೋಡಿದೆ. ‘ನನ್ನ ಬಾಯಿ’ ಎಂದು ಬರೆದಿದ್ದ.

“ಹೆದರೋದಾದ್ರೆ ನನ್ನ ಬಾಯಿಗೆ ಹೆದರ್ಬೇಕು ಕಣೋ, ನಿನ್ನ ಬಾಯಲ್ಲಿ ಏನಿದೆ ಮಣ್ಣು!”

ಅವನು ನಗಲಿಲ್ಲ. “ಅಕ್ಕ, ಆವತ್ತು ಲಿಫ್ಟ್ ಕೆಟ್ಟಿರಲಿಲ್ಲ” ಎಂದ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಲಿಫ್ಟಿನ ಮೇಲೆ ಕಾಲಿಟ್ಟವನು, ಲಿಫ್ಟ್ ಅಲ್ಲಾಡದಂತೆ, ಮೊದಲು ಕೆಂಪು ಸ್ಟಾಪ್ ಬಟನ್ ಒತ್ತಬೇಕು, ಆಮೇಲೆ ‘ಒತ್ತಿದೆ’ ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಮೇಲಿನ ಕೋಣೆಯಲ್ಲಿರುವ ಜೊತೆಗಾರ ಕರೆಂಟ್ ಹಾಕುವುದು.

“ದಿನಾ ಕೂಗಿ ಕೂಗಿ ಬಾಯಿಗೆ ಅಭ್ಯಾಸ ಆಗ್ಹೋಗಿದೆ. ಆವತ್ತು ಕೈ ಹೋಗೋಕ್ ಮುಂಚೆ ಬಾಯೇ ಕೂಗ್ಬಿಡ್ತು. ಮೇಲಿನವ್ನು ಕರೆಂಟ್ ಹಾಕ್ದ, ಲಿಫ್ಟ್ ಹೊರಟ್ಬಿಡ್ತು. ಒತ್ತಿದೀನಿ ಅಂತ್ಲೇ ಅಂದ್ಕೊಂಡಿದ್ದೆ ಅಕ್ಕ. ದೇವರಾಣೆ.”

ಮೂರು ತಿಂಗಳಿಂದ ಸೋಮಾರಿ, ದಂಡಪಿಂಡ ಎಂದು ಇವನನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

ಸೋಮವಾರ ನಾನೂ ಜೊತೆಗೆ ಹೋದೆ. ಮೂರನೇ ಮಹಡಿಯಲ್ಲಿ ಸೂಪರ್‌ವೈಸರ್ ಬಾಗಿಲು ತೆಗೆಸಿದರು. ತಮ್ಮ ಬೆಲ್ಟು ಬಿಗಿದುಕೊಂಡು ಲಿಫ್ಟಿನ ಮೇಲೆ ಕಾಲಿಟ್ಟೇಬಿಟ್ಟ! ಅಬ್ಬ, ಗೆದ್ದೆವು ಅಂದುಕೊಂಡೆ. ಕೆಂಪು ಬಟನ್ನನ್ನೂ ಒತ್ತಿದ. ಇನ್ನು ಕೂಗುವುದೊಂದೇ ಬಾಕಿ.

“ಅಣ್ಣಾ, ಒತ್ತಿದ್ರಾ?” ಜೊತೆಗಾರ ಮೇಲಿನಿಂದ ಕೂಗಿದ.

ತಮ್ಮ ಬಾಗಿಲ ಕಡೆ ತಿರುಗಿದ. “ಅಕ್ಕ, ಒತ್ತಿದೆಯಾ ನೋಡು.”

“ಒತ್ತಿದೆ ಕಣೋ.”

“ಇನ್ನೊಂದ್ಸಲ ನೋಡು.”

ನೋಡಿದೆ. ಮತ್ತೆ ನೋಡು ಎಂದ, ಮತ್ತೆ ನೋಡಿದೆ. ಅವನ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಮೇಲಿನವನು ಮೂರನೇ ಸಲ ಕೇಳಿದಾಗ ನನ್ನಿಂದ ತಡೆಯಲಾಗಲಿಲ್ಲ. “ಒತ್ತಿದೆ!” ಎಂದು ಗಂಟಲು ಹರಿಯುವ ಹಾಗೆ ನಾನೇ ಕಿರುಚಿದೆ.

ಸೂಪರ್‌ವೈಸರ್ ಕೆಟ್ಟವರಲ್ಲ. ತಮ್ಮನ ತೋಳು ಹಿಡಿದು ಈಚೆಗೆ ಕರೆದುಕೊಂಡರು. “ದಿನಾ ನೀವು ಬರ್ತೀರೇನಮ್ಮಾ?” ಎಂದು ಮೆಲ್ಲಗೆ ಕೇಳಿದರು.

ತಮ್ಮ ಆಗಲೇ ಬೆಲ್ಟು ಬಿಚ್ಚುತ್ತಿದ್ದ.

“ಬರ್ತೀನಿ ಸಾರ್” ಎಂದೆ. “ಎಷ್ಟು ಹೊತ್ತಿಗೆ ಬರ್ಲಿ ಹೇಳಿ.”