ಪರದೆಯ ಹಿಂದಿನ ಅತ್ತೆ

ಮುಂಬಯಿಯ ದಾದರಿನ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ, ಸಿಜೇರಿಯನ್ ಆದ ಸೊಸೆಯ ಜೊತೆಗೆ ಧಾರವಾಡ ಕಡೆಯ ಅತ್ತೆಯೊಬ್ಬರಿದ್ದರು. ಮೊದಲ ಹಾಲು ಹಿಂಡಿ ಚೆಲ್ಲಿ ಕೂಸಿಗೆ ಜೇನು ನೆಕ್ಕಿಸುವ ಅತ್ತೆಯರನ್ನು ಬಹಳ ಕಂಡಿದ್ದೆ. ಇವರ ಮೇಲೂ ಕಣ್ಣಿಟ್ಟೆ. ಆಸ್ಪತ್ರೆಯ ನಿಯಮದಂತೆ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು ಎಂದು ನಾನು ಹೇಳಿದಾಗಲೆಲ್ಲ, “ಹಸಿವಿಗೆ ಗಡಿಯಾರ ತಿಳೀತೈತೇನ್ರಿ, ಸಿಸ್ಟರ್‌ಬಾಯಿ?” ಎನ್ನುತ್ತಿದ್ದರು.

ಎರಡನೆಯ ದಿನ ಹೊತ್ತಲ್ಲದ ಹೊತ್ತಿನಲ್ಲಿ ಪರದೆ ಮುಚ್ಚಿತ್ತು. ಜೇನೇ ಎಂದುಕೊಂಡು ಸರ್ರನೆ ಸರಿಸಿದೆ. ಹೊಲಿಗೆಗೆ ತಾಗದಂತೆ ಕೂಸನ್ನು ಸೊಸೆಯ ಕಂಕುಳಡಿ ಮಲಗಿಸಿ, ಅತ್ತೆ ಒಂದು ಕೈಯಲ್ಲಿ ಅದರ ತಲೆಯನ್ನು ಅವಳ ಎದೆಗೆ ಹಿಡಿದಿದ್ದರು. ಕೂಸು ಕಣ್ಣು ಮುಚ್ಚಿ ಚೀಪುತ್ತಿತ್ತು.

ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿ, “ಮೂಸಿ ನೋಡ್ರಿ, ಜೇನಿನ ವಾಸನಿ ಬರತೈತೇನು?” ಎಂದರು.

ನಿಜಕ್ಕೂ ಮೂಸಿದೆ. ಬರೀ ಸೋಪಿನ ವಾಸನೆ.

ಅಷ್ಟರಲ್ಲಿ, ನಿಯಮ ಮುರಿದ ನೆಂಟರನ್ನು ಹೊರಗಟ್ಟುವ ಮೇಟ್ರನ್ ವಾರ್ಡಿಗೆ ಬಂದರು. ನಾನು ಪರದೆ ಎಳೆದು, ಅದರ ಮುಂದೆ ನಿಂತು, “ಹೊಲಿಗೆಯ ಡ್ರೆಸ್ಸಿಂಗ್ ನಡೆದಿದೆ” ಎಂದೆ.