ಕೊರಳಿಗೆ ಹೋದ ಕೈ

"ನನ್ನ ಫೇಲ್ ಮಾಡೋ ಪರೀಕ್ಷಾ ಇನ್ನಾ ಹುಟ್ಟಿಲ್ಲ. ಹುಟ್ಟಿದ್ರ ಅದರ ತೊಟ್ಟಲಾ ನಾನೇ ತೂಗತೀನಿ!" ಎಂದು ಸುಗಂಧಾ ಉದಗೀರಿನ ದಾಲ್ ಮಿಲ್ಲಿನ ಅಂಗಳದಲ್ಲಿ ಹದಿನೆಂಟು ಜನರೆದುರು ನಿಂತು ಹೇಳಿದಳು. ಹದಿನೆಂಟೂ ತಲೆಗಳು ಹೌದೆಂದು ಆಡಿದವು. ಮೂಲೆಯಲ್ಲಿ ಕಟ್ಟಿದ್ದ ಎಮ್ಮೆಯೂ ಆಡಿಸಿತು ಅನ್ನುತ್ತಾರೆ. ಅದರ ಬಗ್ಗೆ ನಾಲ್ಕು ಅಭಿಪ್ರಾಯಗಳಿವೆ.

ತಲೆಯಾಡಿಸಲು ಕಾರಣವೂ ಇತ್ತು. ಹದಿನಾರು ವರ್ಷಗಳಿಂದ ಆ ಮಿಲ್ಲಿಗೆ ಬಂದ ತೊಗರಿಗೆ ದರ್ಜೆ ಹೇಳುವವಳು ಅವಳೇ. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟ್ಟೆಂದು ಕಡಿದರೆ ಸಾಕು. ಎಷ್ಟು ತೇವ, ಎಷ್ಟು ಹುಳುಕು, ಅದು ಬೆಳೆದ ಹೊಲ ಯಾವ ಊರಿನದು, ಆ ಹೊಲದ ಗಂಡಹೆಂಡಿರು ರಾಶಿಯ ದಿನ ಜಗಳವಾಡಿದ್ದರೋ ಇಲ್ಲವೋ, ಎಲ್ಲಾ ಹೇಳಿಬಿಡುತ್ತಿದ್ದಳು. ವಲಾಂಡಿಯ ಮಲ್ಲಣ್ಣ ಒಮ್ಮೆ ಚೀಲದ ತಳದಲ್ಲಿ ಹಳೇ ಕಾಳು ಅಡಗಿಸಿ ತಂದಿದ್ದ. ಸುಗಂಧಾ ಚೀಲದ ಬಾಯಿ ಬಿಚ್ಚಲಿಲ್ಲ, ಬರೀ ಮಲ್ಲಣ್ಣನ ಮುಖ ನೋಡಿದಳು. "ಮ್ಯಾಲಿಂದು ಈ ವರ್ಷದ್ದು, ತಳಗಿಂದು ನಿಮ್ಮ ಮಗಳ ಮದವಿ ವರ್ಷದ್ದು. ಹೌದಲ್ರಿ ಕಾಕಾ?" ಅಂದಳು. ಮಗಳಿಗೆ ಆಗಲೇ ಎರಡು ಮಕ್ಕಳು. ಮಲ್ಲಣ್ಣ ಚಹಾ ಕೂಡ ಕುಡಿಯದೆ ಗಾಡಿ ತಿರುಗಿಸಿದ.

ಕಾಳು ನೋಡುವಾಗ ಅವಳದೊಂದು ರೀತಿ ಇತ್ತು. ಬಲಗೈ ಚೀಲಕ್ಕೆ ಹೋದರೆ ಎಡಗೈ ತಾನಾಗಿಯೇ ಕೊರಳಿಗೆ ಹೋಗುತ್ತಿತ್ತು. ಅಲ್ಲಿ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು. ಮಣ್ಣಿಗಿಡುವಾಗಲೂ ಜೊತೆಗೇ ಹೋಗಬೇಕಾದ್ದು. ಯೋಚನೆ ಬಂದಾಗ ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಮೀಸೆ ತಿರುವುತ್ತಾರೆ. ಸುಗಂಧಾ ಕರಡಿಗೆ ಮುಟ್ಟುತ್ತಿದ್ದಳು. ಅದು ಭಕ್ತಿಯೋ ಚಾಳಿಯೋ ಅವಳಿಗೇ ಗೊತ್ತಿರಲಿಲ್ಲ.

ಇಂಥ ಮಿಲ್ಲನ್ನು ಹಳೇ ಮಾಲೀಕರು ದೂರದ ಒಂದು ಕಂಪನಿಗೆ ಮಾರಿದರು. ಕಂಪನಿ ಒಂದು ಕಾಗದ ಕಳಿಸಿತು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನಲವತ್ತು ಪ್ರಶ್ನೆಗೆ ಉತ್ತರ ಕೊಡಬೇಕು. ಮನುಷ್ಯರು ಯಾರೂ ಕಾಯುವುದಿಲ್ಲ, ಕ್ಯಾಮೆರಾದಿಂದ ಮಶೀನೇ ಕಾಯುತ್ತದೆ. ಅಂದರೆ ಹದಿನಾರು ವರ್ಷ ಕೂತ ಜಾಗದಲ್ಲಿ ಕೂರಲು ಸುಗಂಧಾ ಅಪ್ಪಣೆ ಕೇಳಬೇಕಾಯಿತು. ಸಿಗದಿದ್ದರೆ ಬೇರೆ ದಾರಿ ಇರಲಿಲ್ಲ. ಉಮರ್ಗಾದ ಮಿಲ್ಲುಗಳಲ್ಲಿ ಹೆಂಗಸಿನ ಮಾತಿಗೆ ತೊಗರಿ ಕೊಳ್ಳುವವರಿಲ್ಲ. ಉಳಿದದ್ದು ಇದೇ ಮಿಲ್ಲಿನಲ್ಲಿ ದಿನಗೂಲಿಗೆ ಕಾಳಿನ ಕಲ್ಲು ಆರಿಸುವ ಕೆಲಸ, ಅದೂ ಇಷ್ಟು ದಿನ ಅವಳನ್ನು ಅಮ್ಮಾವ್ರೇ ಅನ್ನುವಂತೆ ಮರ್ಯಾದೆಯಿಂದ "ಬಾಯಿ, ಬಾಯಿ" ಎಂದು ಕರೆದ ಹೆಂಗಸರ ಸಾಲಿನಲ್ಲೇ.

ಪಕ್ಕದ ಮನೆಯ ಸಾರಿಕಾ ಶಾಲೆಯಲ್ಲಿ ಕಲಿಸುವವಳು. ತನ್ನ ಲ್ಯಾಪ್‌ಟಾಪು ತಂದಿಟ್ಟು ನಿಯಮ ಓದಿ ಹೇಳಿದಳು. "ಅಕ್ಕಾ, ಖೋಲ್ಯಾಗ ನಿಮ್ಮ ಬಿಟ್ಟು ಯಾರೂ ಇರಬಾರದು. ಕಣ್ಣು ಸ್ಕ್ರೀನ್ ಬಿಟ್ಟು ಹೋಗಬಾರದು. ಮಾತಾಡಬಾರದು. ಮೂರು ಸಲ ತಪ್ಪಾದ್ರ ಪರೀಕ್ಷಾ ಬಂದ್."

"ಉಸರಾಡಬೌದಲ್ಲ?"

"ಅದರ ಬಗ್ಗೆ ಏನೂ ಬರದಿಲ್ರಿ."

ಕೂತ ಅರ್ಧ ನಿಮಿಷಕ್ಕೇ ಕೆಂಪಕ್ಷರ ಮೂಡಿತು: ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಇದ್ದಾರೆ. ಸುಗಂಧಾ ತಿರುಗಿ ನೋಡಿದಳು. ಗೋಡೆಯ ಮೇಲೆ ಮಾವ ವಿಶ್ವನಾಥಪ್ಪನವರ ಫೋಟೋ. ತೀರಿಕೊಂಡು ಒಂಬತ್ತು ವರ್ಷ, ಮೇಲೊಂದು ಗಂಧದ ಮಾಲೆ. ಬಾಗಿಲಾಚೆ ಕೂತಿದ್ದ ಅತ್ತೆ ಶಿವಕಾಂತಮ್ಮನನ್ನು ಕರೆದು ಫೋಟೋ ತೆಗೆಸಬೇಕಾಯಿತು.

"ಬದುಕಿದ್ದಾಗ ಉಪ್ಪು ಎಲ್ಲ್ಯದ ಅಂತ ಕೇಳಿದ್ರೂ ಹೇಳಿದವರಲ್ಲ," ಎಂದು ಮುದುಕಿ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಈಗ ಸ್ವರ್ಗದಾಗ ಕುಂತು ಸೊಸಿಗಿ ಕಾಪಿ ಹೊಡಸ್ತಾರಂತ!"

ಹನ್ನೆರಡನೇ ಪ್ರಶ್ನೆಗೆ ಎರಡನೇ ಕೆಂಪು. ಚಿತ್ರದ ಕಾಳುಗಳನ್ನು ತುಟಿಯಲ್ಲಿ ಎಣಿಸಿದ್ದಳು. ಮೂವತ್ತೊಂದನೆಯದು ಕಷ್ಟದ್ದಿತ್ತು. ಚಿತ್ರದ ತೊಗರಿಯನ್ನು ಹಲ್ಲಿಗೆ ಹಾಕಲು ಬರುವುದಿಲ್ಲ. ಎಡಗೈ ಕೊರಳಿಗೆ ಹೋಯಿತು, ಒಂದೇ ಸಲ. ಪರದೆ ಕಪ್ಪಾಯಿತು.

ಎರಡು ದಿನಕ್ಕೆ ಕಾಗದ ಬಂತು. ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಅದೇ ಕೊನೆಯದು. ಆದರೆ ಕೊರಳಲ್ಲಿ ಧರಿಸಿರುವ ಸಂಶಯಾಸ್ಪದ ಉಪಕರಣವನ್ನು ತೆಗೆದಿಟ್ಟು ಬರತಕ್ಕದ್ದು.

"ಉಪಕರಣ?" ಎಂದಳು ಶಿವಕಾಂತಮ್ಮ.

"ಒಳಗ ಫೋನ್ ಅದ ಅಂತ ತಿಳದಾರ, ಅತ್ತೀ."

"ಹೌದೇಳು, ಫೋನೇ ಅದ. ದಿನಾ ಮುಂಜಾನೆ ನಾನೂ ಹಚ್ಚತೀನಿ, ಯಾರೂ ಎತ್ತಂಗಿಲ್ಲ." ಆಮೇಲೆ ಮುದುಕಿಯ ಮುಖದಿಂದ ನಗೆ ಇಳಿಯಿತು. "ತೆಗೀತೀಯೇನು?"

ಸುಗಂಧಾ ನಿಲಂಗಾದ ಬಟ್ಟೆ ಅಂಗಡಿಯಲ್ಲಿದ್ದ ಗಂಡ ಸಿದ್ಧೇಶ್ವರನಿಗೆ ಫೋನು ಮಾಡಿದಳು. ಅವನು, "ನಿನಗ ಹ್ಯಾಂಗ ಅನಸ್ತದ ಹಂಗ ಮಾಡು" ಅಂದ. ಗಂಡಸರು ಹೀಗಂದರೆ ಭಾರ ಹೊರುವವರು ನೀವೇ ಎಂದರ್ಥ. ನಾಲ್ಕು ದಿನ ಅವಳ ರೊಟ್ಟಿ ಹೊತ್ತಿದವು. ಹದಿನಾರು ವರ್ಷದಲ್ಲಿ ಮೊದಲ ಸಲ ಒಂದು ಚೀಲ ತೊಗರಿಗೆ ತಪ್ಪು ದರ್ಜೆ ಹೇಳಿದಳು. ಯಾರೂ ಏನೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಐದನೇ ದಿನ ಬೆಳಿಗ್ಗೆ ಜಳಕ ಮಾಡಿ ಬಂದವಳು ಶಿವದಾರದ ಗಂಟಿಗೆ ಕೈ ಹಾಕಿದಳು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಶಿವಕಾಂತಮ್ಮ ಕೈ ತೊಳೆದುಕೊಂಡು ಬಂದು ಎಡ ಅಂಗೈ ಚಾಚಿದಳು.

"ತಾ ಇಲ್ಲಿ. ಗೂಟಕ್ಕ ಹಾಕಬ್ಯಾಡ, ಗ್ವಾಡಿ ಮಾಡದಾಗ ಇಡಬ್ಯಾಡ. ಮನಷ್ಯಾರ ಮೈಮ್ಯಾಲೇ ಇರಲಿ. ನಿಂದು ಮುಗಿಯೋ ತನಾ ನಾ ಏಳಂಗಿಲ್ಲ."

ಅಂಗಳದ ಕಟ್ಟೆಯ ಮೇಲೆ ಮುದುಕಿ ಕೂತಳು. ಮೊಣಕಾಲು ನೋವಿನವಳು ಐವತ್ತು ನಿಮಿಷ ಕೈ ಚಾಚಿಕೊಂಡೇ ಇದ್ದಳು. ಅಲ್ಲಾಡಲಿಲ್ಲ, ನೊಣ ಹೊಡೆಯಲಿಲ್ಲ. ಓಣಿಯಲ್ಲಿ ಹೋಗುವವರು ನಿಂತು ನೋಡಿ, ಚಪ್ಪಲಿಯ ಸದ್ದು ಕಡಿಮೆ ಮಾಡಿ ನಡೆದರು.

ಒಳಗೆ ಸುಗಂಧಾ ತುಟಿ ಬಿಗಿಹಿಡಿದಿದ್ದಳು, ಕಣ್ಣು ಮಿಟುಕಿಸಲೂ ಅಂಜಿದ್ದಳು. ಮೊದಲ ಪ್ರಶ್ನೆಗೇ ಎಡಗೈ ಕೊರಳಿಗೆ ಹೋಯಿತು. ಅಲ್ಲಿ ಬರೀ ಚರ್ಮ. ಬೆಚ್ಚಿ ಕೈ ಇಳಿಸಿದಳು. ಮೂರನೆಯದಕ್ಕೆ ಮತ್ತೆ ಹೋಯಿತು. ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತಳು, ಅದು ಹೇಗೋ ಬಿಡಿಸಿಕೊಂಡು ಮತ್ತೆ ಮೇಲೇರಿತು. ಸತ್ತವರ ಮನೆಯ ನಾಯಿ ದಿನಾ ಅದೇ ಬಾಗಿಲಿಗೆ ಬಂದು ನಿಲ್ಲುವಂತೆ, ಹೋಗಿ ಹೋಗಿ ಅಲ್ಲೇ ನಿಂತಿತು. ಈ ಸಲ ಕೆಂಪಕ್ಷರವೂ ಬರಲಿಲ್ಲ, ಮೂರಕ್ಕೆ ಪರೀಕ್ಷೆಯೂ ನಿಲ್ಲಲಿಲ್ಲ. ಮಶೀನು ಸುಮ್ಮನೆ ಲೆಕ್ಕ ಇಟ್ಟುಕೊಳ್ಳುತ್ತಿತ್ತು.

ನಲವತ್ತೂ ಮುಗಿದವು. ಪರದೆಯಲ್ಲಿ ಮೊದಲು ಅಂಕ ಬಂತು: ನಲವತ್ತಕ್ಕೆ ನಲವತ್ತು. ಹೊರಗೆ ಕಾದಿದ್ದ ಸಾರಿಕಾ ಬಾಗಿಲಿಗೆ ಬಂದು ಚಪ್ಪಾಳೆ ಹೊಡೆದಳು. ಅದರ ಕೆಳಗೆ ಇನ್ನೊಂದು ಸಾಲು ಬಂದಾಗ ಹೊಡೆಯುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಸಂಶಯಾಸ್ಪದ ಚಲನೆ ಹನ್ನೊಂದು ಸಲ. ಅಭ್ಯರ್ಥಿ ಅನರ್ಹ.

ಸುಗಂಧಾ ಅಂಗಳಕ್ಕೆ ಬಂದಳು. ಶಿವಕಾಂತಮ್ಮ ಸೊಸೆಯ ಮುಖ ನೋಡಿದಳು. ಮರಗಟ್ಟಿದ ಕೈಯಿಂದಲೇ ದಾರ ಕಟ್ಟಲು ಹೋದಳು, ಬೆರಳು ಮಡಚಲಿಲ್ಲ. ಇಬ್ಬರೂ ಸೇರಿ ಗಂಟು ಹಾಕಿದರು. ಆ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಸಾರಿಕಾ ಬರೆದುಕೊಟ್ಟ ತಕರಾರು ಕಳಿಸಿ ಮೂರು ವಾರ ಕಾದಾಯಿತು. ಅಷ್ಟರಲ್ಲಿ ಮಿಲ್ಲಿನ ಗೇಟಿಗೆ ಆಯ್ಕೆಯಾದವರ ಹೆಸರಿನ ಪಟ್ಟಿ ಅಂಟಿತ್ತು. ಅದರಲ್ಲಿ ಸುಗಂಧಾ ಇರಲಿಲ್ಲ. ಅವಳು ಕಲ್ಲು ಆರಿಸುವ ಹೆಂಗಸರ ಸಾಲಿನ ತುದಿಯಲ್ಲಿ ಕೂತಳು. ಮೊದಲ ದಿನ ಅವರೆಲ್ಲ ಸರಿದು ನೆರಳಿನ ಜಾಗ ಬಿಟ್ಟುಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅಲ್ಲಿ ಕೂತಿದ್ದಾಗಲೇ ಕಂಪನಿಯ ಫೋನು ಬಂತು. ಋಷಿಕೇಶ ಎಂಬ ಅಧಿಕಾರಿ. ಹತ್ತಿರದ ಗಡಿಯೂರು ಔರಾದ ಶಹಾಜನಿಯವನೇ ಆದ್ದರಿಂದ ಕನ್ನಡದಲ್ಲೇ ಮಾತಾಡಿದ. ದನಿ ಸಭ್ಯವಾಗಿತ್ತು.

"ಬಾಯಿ, ನಿಮ್ಮ ತಕರಾರು ನೋಡೀನ್ರಿ. ಉತ್ತರಾ ಎಲ್ಲಾ ಖರೆ ಅವ. ಆದ್ರ ಮಶೀನಿಂದು ಬದಲಿ ಮಾಡೋ ಅಧಿಕಾರ ನಮಗಿಲ್ರಿ."

"ಹೌದ್ರಿ."

"ಒಂದು ಮಾತು ಕೇಳ್ಲೇನ್ರಿ? ನಾ ಆ ವಿಡಿಯೋ ಪೂರ್ತಿ ನೋಡೀನಿ. ಕೊರಳಾಗ ಏನಿತ್ರಿ?"

"ಏನೂ ಇದ್ದಿದ್ದಿಲ್ಲ. ನೀವೇ ತೆಗೀರಿ ಅಂದಿದ್ರಿ."

"ಏನೂ ಇಲ್ಲಂದ್ರ ಹನ್ನೊಂದು ಸಲ ಯಾಕ ಮುಟ್ಟಿ ನೋಡಿದ್ರಿ ಬಾಯಿ?"

"ಇಲ್ಲಂತನೇ ಹನ್ನೊಂದು ಸಲ ಮುಟ್ಟೀನ್ರಿ," ಅಂದಳು ಸುಗಂಧಾ. "ಇದ್ದಿದ್ರ ಒಂದೇ ಸಲಕ್ಕ ಸಾಕಾಗ್ತಿತ್ತು."